ಬಿಸಿಲು ಕಾಯುವ ರಾಯರು

"ತಿಂಡಿ ಆಯ್ತೇ ರಾಯರೇ?" ಎಂದು ಬೆಳಗ್ಗೆ ಒಂಬತ್ತಕ್ಕೆ ಕೇಳಿದರೆ "ಒಂದೂವರೆ ಆಯ್ತು" ಎನ್ನುತ್ತಾರೆ. ಲೆಕ್ಕ ದೋಸೆಯದಲ್ಲ, ತಾರಸಿಯ ಸೋಲಾರಿನದು. ಹೊಟ್ಟೆಗೆ ಏನು ಬಿತ್ತೋ ನೆನಪಿರುವುದಿಲ್ಲ, ಇನ್ವರ್ಟರಿಗೆ ಎಷ್ಟು ಬಿತ್ತು ಎಂಬುದು ನಾಲಗೆಯ ತುದಿಯಲ್ಲೇ ಇರುತ್ತದೆ. ಹಾಗಾಗಿ ಮೈಸೂರಿನ ನಮ್ಮ ಬೀದಿಗೆಲ್ಲ ಅವರು ಯೂನಿಟ್ ರಾಯರು.

2024ರಲ್ಲಿ ಕೇಂದ್ರ ಸರ್ಕಾರ ಸೂರ್ಯಘರ್ ಯೋಜನೆ ತಂದು, 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಎಂದಾಗ ರಾಯರು ಅರ್ಜಿ ಹಾಕಿದರು. ಆರು ಪ್ಯಾನೆಲ್ ಬಂದವು. ದಕ್ಷಿಣದ ಬಾಗಿಲು ಬೇಡವೆಂದು ಒಂದು ಕಾಲದಲ್ಲಿ ಸೈಟನ್ನೇ ಬಿಟ್ಟುಕೊಟ್ಟಿದ್ದ ಮನುಷ್ಯ, ಈಗ ಆರನ್ನೂ ಯಮನ ದಿಕ್ಕಿಗೆ ತಿರುಗಿಸಿ ನಿಶ್ಚಿಂತರಾದರು. ಮೈಸೂರಿನ ಅಕ್ಷಾಂಶ ಸುಮಾರು 12 ಡಿಗ್ರಿ, ಓರೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕೆಂದು ಕೇಳಿ, ಮೊಮ್ಮಗನ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತಂದು ಅಳೆದರು. ಮೊಮ್ಮಗ ಅಂದು ಗಣಿತದ ಪರೀಕ್ಷೆಗೆ ಕೋನಮಾಪಕವಿಲ್ಲದೆ ಹೋದ.

ಆಮೇಲೆ ಮನೆಗೆ ಹೊಸ ಪಂಚಾಂಗ ಬಂತು. ಹತ್ತರಿಂದ ಎರಡರವರೆಗೆ ಶುಭಮುಹೂರ್ತ. ಮೋಟಾರು, ವಾಷಿಂಗ್ ಮಷೀನು, ಇಸ್ತ್ರಿಪೆಟ್ಟಿಗೆ, ಗ್ರೈಂಡರು ಎಲ್ಲವೂ ಆಗಲೇ ನಡೆಯಬೇಕು. ಸೂರ್ಯ ಮುಳುಗಿದ ಮೇಲೆ ಬೆಳತನಕ ರಾಹುಕಾಲ. ನಡುವೆ ಮೋಡವೊಂದು ಅಡ್ಡ ಬಂದರೆ ತಾರಸಿಯಿಂದ ಕೂಗು: "ಇವಳೇ, ಗ್ರೈಂಡರ್ ಆರಿಸು!" ಉದ್ದಿನಬೇಳೆ ಅರ್ಧ ನುರಿದು ನಿಂತ ದಿನಗಳಲ್ಲಿ ಆ ಮನೆಯ ಇಡ್ಲಿಯಿಂದ ಗೋಡೆಗೆ ಮೊಳೆ ಹೊಡೆಯಬಹುದಿತ್ತು.

ಏಪ್ರಿಲ್ ಬಂತು. ಬಿಸಿಲಿಗೆ ಟಾರು ಕರಗುತ್ತಿತ್ತು, ಆದರೆ ನಡುಮಧ್ಯಾಹ್ನ ಉತ್ಪಾದನೆ ತೋರಿಸುವ ಆ್ಯಪ್‌ನಲ್ಲಿ ರಾಯರು ನೆನೆಸಿದಷ್ಟು ಅಂಕಿ ಇಲ್ಲ. ಪ್ಯಾನೆಲ್ಲಿನ ಮೇಲೆ ಬರೆದ ವ್ಯಾಟು 25 ಡಿಗ್ರಿ ಶಾಖದ ಲೆಕ್ಕ. ಅಲ್ಲಿಂದ ಏರುವ ಒಂದೊಂದು ಡಿಗ್ರಿಗೂ ಉತ್ಪಾದನೆ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಕಾದ ತಾರಸಿಯಲ್ಲಿ ಪ್ಯಾನೆಲ್ 60 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಅದಕ್ಕೆ ಬಿಸಿಲು ಬೇಕು, ಬಿಸಿ ಬೇಡ. ಇದನ್ನು ಕೇಳಿದ ರಾಯರು ಎರಡು ದಿನ ಛತ್ರಿಯನ್ನೇ ನೋಡುತ್ತ ಕುಳಿತಿದ್ದರು.

ಅದೇ ವಾರ ನಡುಹಗಲಲ್ಲಿ ಬೀದಿಗೆಲ್ಲ ಕರೆಂಟು ಹೋಯಿತು. "ನಮಗೇನಂತೆ!" ಎಂದು ರಾಯರು ಗೇಟಿನ ಹತ್ತಿರ ಮೀಸೆ ತಿರುವುತ್ತಿದ್ದಂತೆ, ಒಳಗೆ ಅವರದೇ ಫ್ಯಾನು ನಿಂತಿತು. ಬ್ಯಾಟರಿ ಇಲ್ಲದ ಸೋಲಾರು ಲೈನಿನಲ್ಲಿ ಕರೆಂಟಿಲ್ಲದಿದ್ದರೆ ತಾನೂ ನಿಲ್ಲುತ್ತದೆ. ನಿಲ್ಲದಿದ್ದರೆ ಇಲ್ಲಿಂದ ಹರಿದ ವಿದ್ಯುತ್ತು ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಎರವಾದೀತು. ತಲೆಯ ಮೇಲೆ 3 ಕಿಲೋವ್ಯಾಟ್ ಹೊತ್ತ ರಾಯರು ಅಂದು ನಮ್ಮ ಜಗಲಿಯಲ್ಲಿ ಕುಳಿತು ದಿನಪತ್ರಿಕೆಯಿಂದ ಗಾಳಿ ಬೀಸಿಕೊಂಡರು.

ಮಳೆಗಾಲ ಮುಗಿದ ಮೇಲೆ ಹೊಸ ಕಂಟಕ ಶುರುವಾಯಿತು. ದಿನವೂ ಮೂರೂವರೆಯಾದರೆ ಆ್ಯಪ್‌ನಲ್ಲಿ ಉತ್ಪಾದನೆಯ ಗೆರೆ ಧೊಪ್ಪನೆ ಬೀಳುತ್ತಿತ್ತು. ಪ್ಯಾನೆಲ್ ಹಾಕಿದವನು ಮೋಸ ಮಾಡಿದನೆಂದರು, ಮೀಟರು ಕೆಟ್ಟಿದೆಯೆಂದರು, ಪಕ್ಕದ ಮನೆಯವರನ್ನೂ ಅನುಮಾನದಿಂದ ನೋಡಿದರು. ಒಣಹಾಕಿದ ಸಂಡಿಗೆ ತೆಗೆಯಲು ಮೇಲೆ ಬಂದ ಅವರ ಹೆಂಡತಿ, "ರೀ, ಆ ತೆಂಗಿನ ಗರಿ ನೆರಳು ನೋಡಿ" ಎಂದರು. ಗರಿಯ ನೆರಳು ಒಂದೇ ಪ್ಯಾನೆಲ್ಲಿನ ಮೇಲೆ ಜೋತಾಡುತ್ತಿತ್ತು. ಆದರೆ ಆರೂ ಸರಪಳಿಯಂತೆ ಜೋಡಿಸಿದವು. ಒಂದೇ ನೊಗದ ಎತ್ತುಗಳ ಹಾಗೆ, ಒಂದು ಸೋತರೆ ಉಳಿದವುಗಳ ನಡಿಗೆಯೂ ಕುಂಟುತ್ತದೆ. ಗರಿ ಕಡಿಸಿದರು, ಗೆರೆ ಎದ್ದು ನಿಂತಿತು.

ಪ್ಯಾನೆಲ್ ತೊಳೆಯುವುದೂ ಆಕೆಯದೇ ಕೆಲಸವೆಂದು ನನಗೆ ಗೊತ್ತಾದದ್ದು ಆಗಲೇ. ಬಾಗಿಲಿಗೆ ನೀರು ಹಾಕುವ ಹೊತ್ತಿಗೇ ಮೇಲೆ ಹೋಗಿ, ಗಾಜು ತಣ್ಣಗಿರುವಾಗಲೇ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಬರುತ್ತಿದ್ದರು. ಬೋರಿನ ಗಡಸು ನೀರು ಬಿಳಿ ಕಲೆ ಉಳಿಸುತ್ತದೆಂದು ನಲ್ಲಿಯ ಕಾವೇರಿ ನೀರನ್ನೇ ಹೊತ್ತೊಯ್ಯುತ್ತಿದ್ದರು. ರಾಯರ ಆ್ಯಪ್ ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಮೊನ್ನೆ ಬಿಲ್ಲು ಬಂದಾಗ ನಾನೂ ಅಲ್ಲಿದ್ದೆ. ಆಕೆ ಕನ್ನಡಕ ಏರಿಸಿ ಎರಡು ಸಲ ಓದಿದರು.

"ರೀ, ಹಗಲು ನಾವು ಬಳಸದೆ ಉಳಿದದ್ದು ಲೈನಿಗೆ ಹೋಗಿ ಜಮಾ ಆಗುತ್ತೆ, ರಾತ್ರಿ ಲೈನಿಂದ ತೊಗೊಂಡದ್ದು ಖರ್ಚು. ತಿಂಗಳ ಕೊನೆಗೆ ಅದರಲ್ಲಿ ಇದನ್ನ ಕಳೀತಾರೆ, ಅಲ್ವೇ?"

"ಹೂಂ. ಅದಕ್ಕೇ ನೆಟ್ ಮೀಟರ್ ಅನ್ನೋದು" ಎಂದರು ರಾಯರು, ಗುರುವಿನ ಗತ್ತಿನಲ್ಲಿ.

"ಹಾಗಿದ್ಮೇಲೆ ನಾನು ಹಿಟ್ಟನ್ನ ಹನ್ನೊಂದಕ್ಕೆ ರುಬ್ಬಿದ್ರೇನು, ರಾತ್ರಿ ಎಂಟಕ್ಕೆ ರುಬ್ಬಿದ್ರೇನು? ಯೂನಿಟ್ಟು ಅಷ್ಟೇ ತಾನೆ?"

ರಾಯರು ಬಾಯಿ ತೆರೆದರು, ಮುಚ್ಚಿದರು. ಒಂದು ವರ್ಷದ ಇಡ್ಲಿಗಳೆಲ್ಲ ಸಾಲಾಗಿ ಅವರ ಕಣ್ಣ ಮುಂದೆ ಹಾದುಹೋಗಿರಬೇಕು.

ಸೋಲಾರು ಹಾಕಿಸುವವರಿಗೆ ನನ್ನ ಮಾತು ಇಷ್ಟೇ. ನೆರಳು ತೆಗೆಸಿ, ಧೂಳು ಒರೆಸಿ, ಬಿಲ್ಲನ್ನು ಹೆಂಡತಿಯ ಕೈಗೆ ಕೊಡಿ. ಸೂರ್ಯನ ಮೇಲೆ ಮೇಸ್ತ್ರಿಗಿರಿ ಬೇಡ. ರಾಯರ ಮನೆಯಲ್ಲಿ ಈಗ ಇಡ್ಲಿ ಮೆತ್ತಗಾಗಿದೆ, ಯೂನಿಟ್ಟು ಕಡಿಮೆಯಾಗಿಲ್ಲ.