ಕೌದಿಗಿರಲಿ

ಮದುವೆ ಮನೆಯ ಗದ್ದಲದಲ್ಲಿಯೂ ನಮ್ಮ ಕಾಕುವನ್ನು ಹುಡುಕುವುದು ಸುಲಭ. ಎಲ್ಲರೂ ಅಕ್ಷತೆ ಹಿಡಿದು ಮಂಟಪದ ಕಡೆ ನೋಡುತ್ತಿರುವಾಗ ಒಬ್ಬಾಕೆ ಮಾತ್ರ ಮುಂದಿನ ಸಾಲಿನ ಹೆಂಗಸಿನ ಸೆರಗಿನ ತುದಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿಕ್ಕುತ್ತಿರುತ್ತಾಳೆ. ಆಕೆಯೇ ನಮ್ಮ ಕಾಕು, ಕಾಕಾನ ಹೆಂಡತಿ. ಸೆರಗಿನ ಒಡತಿ ತಿರುಗಿ ನೋಡಿದರೆ ನಾಚಿಕೆ ಗೀಚಿಕೆ ಏನೂ ಇಲ್ಲ. "ಭಾಳ ಛಲೋ ಅದರೀ. ಎಷ್ಟು ವರ್ಷದ್ದು?" ಮೊನ್ನೆ ತಂದದ್ದು ಎಂದರೆ ಕಾಕುವಿನ ಮುಖ ಸಪ್ಪಗಾಗುತ್ತದೆ. "ನಮ್ಮ ಅತ್ತಿಯವರದು, ಮೂವತ್ತು ವರ್ಷ ಆತು, ಅಲ್ಲಲ್ಲೆ ಪಿಸದದ" ಎಂದರೆ ಮಾತ್ರ ಪಕ್ಕದ ಕುರ್ಚಿಗೆ ಬಂದು ಕೂಡುತ್ತಾಳೆ. ಊಟದ ಎಲೆ ಬೀಳುವ ಹೊತ್ತಿಗೆ ಇಬ್ಬರೂ ಜನ್ಮಾಂತರದ ಗೆಳತಿಯರು. ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಆಕೆಯ ಮನೆಯ ವಿಳಾಸ ಕಾಕುವಿನ ಪರ್ಸಿನಲ್ಲಿ.

ಕಾಕು ಇರುವುದು ಧಾರವಾಡದ ಮಾಳಮಡ್ಡಿಯಲ್ಲಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಎಂಟು ವರ್ಷದ ಹಿಂದೆ ನಿವೃತ್ತಳಾದಳು. ನಿವೃತ್ತರಾದವರಿಗೆ ಧಾರವಾಡದಲ್ಲಿ ಸಾಮಾನ್ಯವಾಗಿ ಎರಡೇ ದಾರಿ. ಒಂದೋ ಪುಸ್ತಕ ಬರೆಯಬೇಕು, ಇಲ್ಲವೆ ಬರೆದವರ ಬಿಡುಗಡೆ ಸಮಾರಂಭಕ್ಕೆ ಹೋಗಿ ಚಹಾ ಕುಡಿಯಬೇಕು. ಕಾಕು ಎರಡನ್ನೂ ಒಲ್ಲೆನೆಂದು ಕೌದಿ ಹಿಡಿದಳು. ನಮಗೆಲ್ಲ ಸಮಾಧಾನವೇ ಆಯಿತು. ಪುಸ್ತಕವಾಗಿದ್ದರೆ ನಾವು ಓದಬೇಕಾಗುತ್ತಿತ್ತು.

ಕೌದಿ ಕಾಣದ ಬೆಂಗಳೂರು, ಮೈಸೂರಿನ ಕಡೆಯವರಿಗೆ ಒಂದು ಮಾತು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹೊಲಿದ ಹೊದಿಕೆ ಅದು. ನಮ್ಮ ಅಜ್ಜಿಯರ ಕಾಲದಲ್ಲಿ ಇದರ ಹಿಂದಿದ್ದದ್ದು ಬಡತನದ ಲೆಕ್ಕ. ಉಟ್ಟದ್ದು ಹರಿದರೆ ಹಾಸು, ಹಾಸಿದ್ದು ಹರಿದರೆ ಒರಸು. ಅಜ್ಜಿ ಮನೆಯಲ್ಲಿ ಬಿದ್ದಿದ್ದ ಹಳೇ ಅರಿವಿಯಿಂದ ಕೌದಿ ಹೊಲಿದಳು. ಕಾಕು ಕೌದಿ ಹೊಲಿಯುವುದಕ್ಕೆಂದು ಊರೆಲ್ಲ ತಿರುಗಿ ರೊಕ್ಕ ಕೊಟ್ಟು ಹಳೇ ಅರಿವಿ ತರುತ್ತಾಳೆ. ಬಟ್ಟೆಗೆ ನಮ್ಮ ಕಡೆ ಅರಿವಿ ಅನ್ನುತ್ತೇವೆ. ಅರಿವೇ ಗುರು ಎಂದು ಬಲ್ಲವರು ಹೇಳುತ್ತಾರೆ. ಕಾಕುವಿನ ಪಾಲಿಗೆ ಅರಿವಿಯೇ ಗುರು.

ತಲೆಯ ಮೇಲೆ ಬುಟ್ಟಿ ಹೊತ್ತು ಹಳೇ ಬಟ್ಟೆಗೆ ಸ್ಟೀಲಿನ ಬಾಂಡೆ ಕೊಡುವ ಹೆಣ್ಣುಮಗಳು ಎಲ್ಲ ಓಣಿಗಳಿಗೂ ಬರುತ್ತಾಳೆ. ನಾಲ್ಕು ಸೀರೆ ಕೊಟ್ಟು ಒಂದು ಡಬ್ಬಿ ತೆಗೆದುಕೊಳ್ಳುವುದು, ಅದರ ಮುಚ್ಚಳ ಬಿಗಿಯಾಗಿಲ್ಲ ಎಂದು ಜಗಳಾಡುವುದು ಲೋಕದ ರೂಢಿ. ನಮ್ಮ ಕಾಕುವಿನ ಕಟ್ಟೆಯ ಮೇಲೆ ಈ ವ್ಯಾಪಾರ ತಿರುವುಮುರುವಾಗಿ ನಡೆಯುತ್ತದೆ. ಕಾಕು ಒಳಗಿನಿಂದ ಡಬ್ಬಿ ತಂದು ಕೊಡುತ್ತಾಳೆ, ಆಕೆಯ ಗಂಟು ಬಿಚ್ಚಿಸಿ ಸೀರೆ ಆರಿಸಿಕೊಳ್ಳುತ್ತಾಳೆ. ಮೊದಲ ಸಲ ಆ ಹೆಣ್ಣುಮಗಳು ಗಾಬರಿಯಾಗಿದ್ದಳಂತೆ. ಈಗ ರೂಢಿಯಾಗಿದೆ. ಬೇರೆ ಓಣಿಗಳಲ್ಲಿ ಸುತ್ತಿ, ಇಳಕಲ್ ಸೀರೆ ಸಿಕ್ಕರೆ ಬೇರೆ ತೆಗೆದಿಟ್ಟು, ನೇರವಾಗಿ ಇಲ್ಲಿಗೆ ಬಂದು ಚಹಾಕ್ಕೆ ಕೂಡುತ್ತಾಳೆ. ಮದುವೆಯಲ್ಲಿ ಬಂದ ಉಡುಗೊರೆಯ ಡಬ್ಬಿಗಳೆಲ್ಲ ಖಾಲಿಯಾಗಿ, ಕಾಕಾ ಈಗ ಅವಲಕ್ಕಿ ಹುಡುಕಬೇಕಾದರೆ ಪ್ಲಾಸ್ಟಿಕ್ ಚೀಲಗಳ ಗಂಟು ಬಿಚ್ಚಬೇಕು.

ಇಳಕಲ್ ಸೀರೆಯ ಮೇಲೆ ಕಾಕುವಿಗೆ ಇರುವ ಪ್ರೀತಿಗೆ ಕಾರಣವಿದೆ. ಅದು ಮುಪ್ಪಾಗುವ ರೀತಿಯೇ ಬೇರೆ. ಮೈ ಹತ್ತಿಯದು, ತೋಪತೆನಿ ಸೆರಗು ರೇಷ್ಮೆಯದು. ಮಗ್ಗದ ಮೇಲೆ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ ಮಾಡಿ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಮೈ ಮೊದಲು ಸವೆಯುತ್ತದೆ, ಅದರಲ್ಲಿಯೂ ನಾವು ಕೂಡುವ ಜಾಗ. ಕೆಂಪು ಸೆರಗು ಮಾತ್ರ ನಿವೃತ್ತ ಮಾಮಲೇದಾರರ ಹಾಗೆ ಕೊನೆಯತನಕ ಠೀಕಾಗಿ ಇರುತ್ತದೆ. ಒಂಬತ್ತು ವಾರಿಯ ಅಂಥ ಒಂದು ಸೀರೆ ಸಿಕ್ಕ ದಿನ ಕಾಕು ಅಡಿಗೆ ಮಾಡುವುದಿಲ್ಲ. ಅಂದು ಕಾಕಾನಿಗೆ ಖಾನಾವಳಿಯ ರೊಟ್ಟಿ.

ಇನ್ನು ಗುಳೇದಗುಡ್ಡದ ಖಣ. ಖಣವೆಂದರೆ ಒಂದು ಕುಪ್ಪಸಕ್ಕೆ ಸಾಕಾಗುವಷ್ಟು ಬಟ್ಟೆ. ಹೊಲಿದ ಮೇಲೆ ಉಳಿಯುವುದು ಅಂಗೈಯಗಲದ ಚೂರು. ಆ ಚೂರುಗಳಿಗಾಗಿ ಕಾಕು ಬಾಗಲಕೋಟೆ ಜಿಲ್ಲೆಯತನಕ ಹೋಗಿ ಬಂದದ್ದುಂಟು. 2023ರ ಜೂನ್‌ನಲ್ಲಿ ಸರಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಮೇಲಂತೂ ಆಕೆಯ ರಾಜ್ಯ ನಾಲ್ಕೂ ದಿಕ್ಕಿಗೆ ಹಬ್ಬಿದೆ. ಹುಬ್ಬಳ್ಳಿಯ ದುರ್ಗದಬೈಲಿನ ಕಟ್‌ಪೀಸಿನವರು ಆಕೆಯನ್ನು ದೂರದಿಂದಲೇ ಗುರುತಿಸುತ್ತಾರೆ. ಎರಡು ಊರಿನ ಐದಾರು ದರ್ಜಿಗಳು ತಮ್ಮ ಮಷಿನ್ನಿನ ಕೆಳಗೆ ಬೀಳುವ ಚಿಂದಿಯನ್ನು ಆಕೆಯ ಹೆಸರಿನ ಚೀಲಕ್ಕೆ ತುಂಬುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದಷ್ಟೆ. ಅಲ್ಲಿ ಉಳಿದ ಕೇಸರಿ, ಹಸಿರು ಚೂರುಗಳನ್ನು ಏನು ಮಾಡುತ್ತಾರೆ ಎಂದು ನನ್ನನ್ನು ಎರಡು ಸಲ ಕೇಳಿದ್ದಾಳೆ. ಎರಡೂ ಸಲ ನಾನು ಕಾಯ್ದೆಯ ಹೆಸರು ಹೇಳಿ ಹೆದರಿಸಿ ಕಳಿಸಿದ್ದೇನೆ.

ಸಂತೆಯಲ್ಲಿ ಆಕೆಯ ಜೊತೆ ಹೋಗಬಾರದು. ರಾಶಿಯಲ್ಲಿ ಕೈ ಹಾಕಿ ಕಣ್ಣು ಮುಚ್ಚಿಯೇ ಇದು ಹತ್ತಿ, ಇದು ಬೆರಕೆ ಎನ್ನುತ್ತಾಳೆ. ಸಂಶಯ ಬಂದರೆ ಪರ್ಸಿನಿಂದ ಕಡ್ಡಿಪೆಟ್ಟಿಗೆ ಹೊರಬೀಳುತ್ತದೆ. ಅಂಚಿನ ಒಂದೆಳೆ ಕಿತ್ತು, ಗೀರಿ, ಸುಟ್ಟು ಮೂಸುತ್ತಾಳೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ನಾತ. ಪಾಲಿಯೆಸ್ಟರ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಗುಂಡು. ಶಾಸ್ತ್ರವೇನೋ ಖರೆ. ಆದರೆ ಹಳೇ ಬಟ್ಟೆಯ ರಾಶಿಯ ಮುಂದೆ ಕಡ್ಡಿ ಗೀರಿದ ಗಿರಾಕಿಯನ್ನು ನೋಡಿದ ವ್ಯಾಪಾರಿಯ ಮುಖ ನೀವು ನೋಡಬೇಕಿತ್ತು. "ಬಾಯಾರ, ತಗೊಳ್ಳದಿದ್ರ ಬ್ಯಾಡ್ರಿ, ಬೆಂಕಿ ಹಚ್ಚಬ್ಯಾಡ್ರಿ!" ಎಂದು ಆತ ಕೈಮುಗಿದ. ಕಾಕು ಆ ಅವಕಾಶದಲ್ಲಿ ನಲವತ್ತು ರೂಪಾಯಿ ಕಡಿಮೆ ಮಾಡಿಸಿದಳು.

ಮನೆಯಲ್ಲಿ ನಾಲ್ಕು ಕಪಾಟು, ಎರಡು ಟ್ರಂಕು, ಒಂದು ದಿವಾನ. ಕೆಂಪಿಗೆ ಒಂದು ಖಾನೆ, ಅಂಚುಗಳಿಗೆ ಒಂದು, "ಭಾಳ ಛಲೋ" ಎಂಬುದಕ್ಕೆ ಒಂದು. ಈ ಕೊನೆಯದಕ್ಕೆ ಕತ್ತರಿ ಸೋಕಿಲ್ಲ. ಬಿಸ್ಕೀಟಿನ ಡಬ್ಬಿ ಸಿಕ್ಕಿತೆಂದು ಆಸೆಯಿಂದ ತೆರೆದರೆ ಒಳಗೆ ಗುಂಡಿಗಳು. ಯಾವ ಬಟ್ಟೆ ಕೈಗೆ ಬಂದರೂ ಕಾಕು ಹೇಳುವುದು ಒಂದೇ ಮಾತು: "ಕೌದಿಗಿರ್ಲಿ." ಹರಿದ ಪರದೆ, ಮೊಮ್ಮಗನ ಚಿಕ್ಕದಾದ ಪಾಟೀಚೀಲ, ಮುರಿದ ಛತ್ರಿಯ ಅರಿವಿ, ಎಲ್ಲವೂ ಕೌದಿಗಿರಲಿ. ಓಣಿಯಲ್ಲಿ ಹಿರಿಯರು ಯಾರಾದರೂ ತೀರಿಕೊಂಡರೆ ಕಾಕು ಹದಿಮೂರು ದಿನ ಬಾಯಿ ಬಿಗಿಹಿಡಿಯುತ್ತಾಳೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ಕಣ್ಣೊರೆಸಿಕೊಳ್ಳುತ್ತ ಹೋಗಿ, "ಅಕ್ಕನ ಸೀರಿ ಎಲ್ಲಿಟ್ಟೀರಿ?" ಎನ್ನುತ್ತಾಳೆ. ಕಣ್ಣೀರು ಸುಳ್ಳಲ್ಲ. ಸೀರೆಯ ಆಸೆಯೂ ಸುಳ್ಳಲ್ಲ.

ಕಾಕಾ ಅಂಚೆ ಇಲಾಖೆಯಲ್ಲಿದ್ದವರು. ಎಣಿಸದೆ ಏನನ್ನೂ ನಂಬುವವರಲ್ಲ. ಒಂದು ಮಳೆಗಾಲದ ಮಧ್ಯಾಹ್ನ ಕಾಕು ಊರಲ್ಲಿಲ್ಲದಾಗ ಲೆಕ್ಕಕ್ಕೆ ಕೂತರು. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಯ ಮೇಲ್ಪದರಕ್ಕೆ ನಾಲ್ಕು ಇಂಚಿನ ಚೌಕ ತುಂಡು 216 ಬೇಕು. ಒಳಪದರಕ್ಕೆ ಎರಡು ಸೀರೆ. ಕಪಾಟಿನಲ್ಲಿರುವುದು 71 ಕೌದಿಗಾಗುವಷ್ಟು ಅರಿವಿ. ಎಂಟು ವರ್ಷದಲ್ಲಿ ಮುಗಿದ ಕೌದಿ ಮೂರು. ಇದೇ ವೇಗದಲ್ಲಿ ಹೋದರೆ ಇನ್ನೂ 189 ವರ್ಷ. ಕಾಕು ಬಂದೊಡನೆ ಕಾಗದ ಮುಂದಿಟ್ಟರು. ಗಣಿತದ ಬಾಯಿ ಅದನ್ನು ಕನ್ನಡಕ ಹಾಕಿಕೊಂಡು ತಿದ್ದಿದಳು. "ಹೊಲಿಗಿ ಅಂಚಿಗೆ ಅರ್ಧ ಇಂಚು ಬಿಡೂದು ಮರ್ತೀರಿ. ಇನ್ನೊಂದಿಷ್ಟು ಅರಿವಿ ಬೇಕಾಗ್ತದ."

ಆದರೆ ಕಾಕಾನ ಬಾಯಿಗೆ ಶಾಶ್ವತವಾಗಿ ಬೀಗ ಬಿದ್ದದ್ದು ಅಮೆರಿಕದಿಂದ. ಅಲ್ಲಿ ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲ್ಲಿಯ ಕಪ್ಪು ಜನರ ಮನೆಯ ಹೆಣ್ಣುಮಕ್ಕಳು ಹೊಲದ ಕೆಲಸದಲ್ಲಿ ಸವೆದ ಪ್ಯಾಂಟು, ಅಂಗಿಗಳಿಂದ ಚಳಿಗೆಂದು ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ 39 ಸೆಂಟಿನ ಹತ್ತು ಚೀಟಿ ತಂದಿತು. ಕಾಕಾ ಹುಡುಗನಾಗಿದ್ದಾಗಿನಿಂದ ಅಂಚೆಚೀಟಿ ಕೂಡಿಸಿದವರು. ಕಾಕು ಅಲ್ಲಿರುವ ತಂಗಿಯ ಮಗಳಿಗೆ ಹೇಳಿ ಆ ಹತ್ತೂ ಚೀಟಿ ತರಿಸಿ ಅವರ ಹುಟ್ಟುಹಬ್ಬಕ್ಕೆ ಕೊಟ್ಟಳು. ಕಾಕಾ ಭೂತಗನ್ನಡಿಯಲ್ಲಿ ಅರ್ಧ ತಾಸು ನೋಡಿ, "ಛಲೋ ಅವ" ಎಂದರು. ಅವತ್ತಿನಿಂದ ಅರಿವಿಯ ವಿಷಯದಲ್ಲಿ ತಕರಾರಿಲ್ಲ. ಅವರ ಆಲ್ಬಂಗಳು ಮಾತ್ರ ಜಾಗ ಸಾಲದೆ ಅಟ್ಟಕ್ಕೆ ಹೋಗಿವೆ.

ಅಲಬಾಮಾ ಯಾಕೆ, ಹಳಿಯಾಳ ಏನು ದೂರ? ಹೋದ ವರ್ಷ ಕಾಕು ನನ್ನನ್ನು ಎಳೆದುಕೊಂಡು ಅಲ್ಲಿಗೂ ಹೋದಳು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಇರುವ ಸಿದ್ದಿ ಜನರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರ ಕೌದಿ ಅಮೆರಿಕದ ಪ್ರದರ್ಶನಗಳಿಗೂ ಹೋಗಿದೆ. ಅಲ್ಲಿ ಒಬ್ಬ ಅಜ್ಜಿ ಅಂಗಳದಲ್ಲಿ ಕಾಲು ಚಾಚಿ ಹೊಲಿಯುತ್ತಿದ್ದಳು. ಗೆರೆಯಿಲ್ಲ, ಅಳತೆಪಟ್ಟಿಯಿಲ್ಲ. ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಸುತ್ತಿ ಸುತ್ತಿ ನಡುವಿಗೆ ಬರುತ್ತಾಳೆ. ನಾಲ್ಕೂ ಮೂಲೆಗೆ ಮಡಿಚಿದ ಅರಿವಿಯ ಹೂವು. ಅದಿಲ್ಲದ ಕೌದಿ ಬತ್ತಲೆ ಇದ್ದ ಹಾಗೆ ಎಂಬುದು ಅವರ ಮಾತು. ಕಾಕು ಪೂರಾ ಒಂದು ತಾಸು ತುಟಿ ಬಿಚ್ಚಲಿಲ್ಲ. ಇಂಥದ್ದು ನಾನು ಹಿಂದೆ ಕಂಡಿಲ್ಲ. ಆಮೇಲೆ ಮಾತು ಬೆಳೆದು, ತಾನು ಹಳೇ ಸೀರೆಯನ್ನು ಎಷ್ಟೆಷ್ಟಕ್ಕೆ ಕೊಂಡೆ ಎಂದು ಹೇಳಿಕೊಂಡಳು. ಅಜ್ಜಿ ದಬ್ಬಣ ಬದಿಗಿಟ್ಟಳು. "ಹಳೇ ಸೀರೆಗೆ ರೊಕ್ಕ ಕೊಡ್ತೀರಾ?" ಎಂದು ಕೇಳಿ, ಒಳಗಿದ್ದ ಸೊಸೆಯನ್ನೂ ಕರೆದು ಹೇಳಿ, ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಬಸ್ಸಿನಲ್ಲಿ ಕಾಕು ಅಷ್ಟೊತ್ತು ಕಿಟಕಿಯ ಹೊರಗೆ ನೋಡುತ್ತ ಕೂತಳು. ಬೇಸರವಾಯಿತೇನೋ ಎಂದುಕೊಂಡೆ. ಊರು ಹತ್ತಿರ ಬಂದಾಗ ಹೇಳಿದಳು: "ಆಕಿ ಸೊಸಿ ಉಟ್ಟಿದ್ದ ಸೀರಿ ನೋಡಿದೇನೋ? ಇನ್ನೆರಡು ವರ್ಷ ಬಾಳಿಕಿ ಬಂದ್ರ ಹೆಚ್ಚು."

ಮುಗಿದ ಮೂರು ಕೌದಿಗಳಲ್ಲಿ ಒಂದು ಚೀಟಿ ಕಳಿಸಿದ ಹುಡುಗಿಯ ಕೂಸಿಗೆ ಅಮೆರಿಕಕ್ಕೆ ಹೋಯಿತು. ಇನ್ನೊಂದು ಹಿಂದಿನ ಓಣಿಯ ಅಕ್ಕನ ಮಗಳಿಗೆ. ತಾಯಿಯ ಸೀರೆಗಳನ್ನು ಹೊತ್ತೊಯ್ದದ್ದಕ್ಕೆ ಸಿಟ್ಟಾಗಿದ್ದ ಆ ಮಗಳಿಗೆ ಎರಡು ವರ್ಷದ ಮೇಲೆ ಅವೇ ಸೀರೆಗಳ ಕೌದಿ ತಂದು ಕೊಟ್ಟಾಗ ಆಕೆ ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಬಿಡಿಸಿ ನೋಡಿ, "ಕಾಕು, ಅವ್ವನ ಹಸರು ಧಾರವಾಡಿ ಸೀರಿ ಇದರಾಗ ಕಾಣಸಾವಲ್ದು?" ಎಂದಳು. "ಮುಗೀತವಾ" ಎಂದಳು ಕಾಕು. ಅದು "ಭಾಳ ಛಲೋ" ಖಾನೆಯಲ್ಲಿ, ಎಡಗಡೆ, ಮೇಲಿನಿಂದ ಮೂರನೆಯದು. ನಾನೇ ನೋಡಿದ್ದೇನೆ.

ಮೂರನೆಯ ಕೌದಿ ಮನೆಯಲ್ಲಿಯೇ ಇದೆ. ಕಳೆದ ಜನವರಿಯಲ್ಲಿ ಕಾರಣವೊಂದಕ್ಕೆ ಹುಬ್ಬಳ್ಳಿಯಿಂದ ಹೋದವನು ರಾತ್ರಿ ಅಲ್ಲಿಯೇ ಉಳಿಯಬೇಕಾಯಿತು. ಧಾರವಾಡದ ಜನವರಿಯ ಚಳಿ, ಕೆಳಗೆ ಷಹಾಬಾದಿ ಕಲ್ಲಿನ ನೆಲ. ಊಟಕ್ಕೆ ಬಡಿಸುತ್ತ ಕಾಕು ನನ್ನ ಅಂಗಿಯ ತೋಳು ಹಿಡಿದು ತಿಕ್ಕಿ ನೋಡಿ, "ಎಷ್ಟು ವರ್ಷ ಆತೋ ಇದಕ್ಕ?" ಎಂದಳು. ಏಳೆಂಟು ಆಗಿರಬೇಕು ಎಂದೆ. "ಹತ್ತಿ ಛಲೋ ಮೆತ್ತಗಾಗ್ಯದ" ಎಂದು ಇನ್ನೊಂದು ಸೌಟು ಸಾರು ಹಾಕಿದಳು. ಮಲಗುವಾಗ ಕೇಳಿದೆ, "ಕಾಕು, ಚಳಿ ಭಾಳ ಅದ, ಆ ಕೌದಿ ಕೊಡು."

"ಕೌದೀನ?" ಕಾಕು ದೇವರ ಮನೆಯ ಬೆಳ್ಳಿ ಬಟ್ಟಲಲ್ಲಿ ಚಹಾ ಕೇಳಿದವನನ್ನು ನೋಡುವ ಹಾಗೆ ನೋಡಿದಳು. "ಹೊದಕೊಳ್ಳಿಕ್ಕ?"

ಡಾಂಬರು ಗುಳಿಗೆಯ ನಡುವೆ, ಬಿಳಿ ಪಂಚೆಯಲ್ಲಿ ಸುತ್ತಿದ ಕೌದಿಯನ್ನು ಹೊರಗೆ ತೆಗೆದು ತೋರಿಸಿ ಮತ್ತೆ ಒಳಗಿಟ್ಟಳು. 71 ಕೌದಿಯ ಅರಿವಿಯಿರುವ ಮನೆಯಲ್ಲಿ ನಾನು ಆ ರಾತ್ರಿ ಹೊದ್ದದ್ದು ಸೋಲಾಪುರದ ಚಾದರ.

ಬೆಳಿಗ್ಗೆ ಎದ್ದು ನೋಡಿದರೆ ಗೂಟಕ್ಕೆ ಹಾಕಿದ್ದ ಅಂಗಿ ಇಲ್ಲ. ಒಳಗೆ ಹೋದೆ. ಕಾಕು ಕಿಟಕಿಯ ಬೆಳಕಿಗೆ ಕೂತಿದ್ದಳು. ಎರಡೂ ತೋಳು ಆಗಲೇ ಬೇರೆಯಾಗಿದ್ದವು. "ಕಾಲರು ಹರದಿತ್ತಲ್ಲೋ" ಎಂದಳು, ಕತ್ತರಿ ನಿಲ್ಲಿಸದೆ.

ಹುಬ್ಬಳ್ಳಿಗೆ ನಾನು ವಾಪಸು ಬಂದದ್ದು ಕಾಕಾನ ಅಂಗಿಯಲ್ಲಿ. ಅದಕ್ಕೆ ಮೇಲಿನ ಎರಡು ಗುಂಡಿ ಇರಲಿಲ್ಲ.