ಕಟ್ಟದ ಮಹಡಿಗೆ ಬಹುಪರಾಕ್

ಕೊಳ್ಳೇಗಾಲದ ಯಾವುದಾದರೂ ಬಡಾವಣೆಯಲ್ಲಿ ನಿಂತು ತಲೆಯೆತ್ತಿ ನೋಡಿ. ತಾರಸಿಯ ಮೂಲೆಮೂಲೆಯಲ್ಲೂ ತುಕ್ಕು ಹಿಡಿದ ಕಂಬಿಗಳು ಗಂಭೀರವಾಗಿ ನಿಂತಿರುತ್ತವೆ. ತಿಳಿಯದವರು ಕೆಲಸ ಅರ್ಧಕ್ಕೆ ನಿಂತಿದೆ ಎಂದುಕೊಂಡಾರು. ಬಲ್ಲವರು ಅದನ್ನು ಹೂಡಿಕೆ ಎನ್ನುತ್ತಾರೆ. ಬೆಂಗಳೂರಿನ ಮಗ ಊರಿಗೆ ಬಂದಾಗ ಮೇಲೇಳಲಿರುವ ಮಹಡಿಗೆ ಈಗಲೇ ಹಾಕಿಟ್ಟ ಮುಂಗಡ. ಆ ಮಗ ಅಲ್ಲೇ ಫ್ಲ್ಯಾಟಿನ ಕಂತು ಕಟ್ಟುತ್ತಿರುವುದು ಬೇರೆ ಮಾತು. ಅಲ್ಲಿಯವರೆಗೆ ಕಂಬಿಗೆ ಬಟ್ಟೆ ಒಣಹಾಕುವ ಹಗ್ಗ ಬಿಗಿಯಬಹುದು, ದೃಷ್ಟಿಗೊಂಬೆ ಕಟ್ಟಬಹುದು. ಮಳೆಗಾಲದಲ್ಲಿ ನೀರು ಕಂಬಿಯ ಗುಂಟ ಇಳಿದು ಪಿಲ್ಲರನ್ನು ಒಳಗಿನಿಂದಲೇ ತಂಪಾಗಿಡುತ್ತದೆ.

ಇನ್ನು ನವೀಕರಣ. ರೇಷ್ಮೆ ಸೀರೆಯ ಊರಲ್ಲವೇ, ನೇಕಾರರ ಹಳೆಯ ಮನೆಗಳಲ್ಲಿ ಮಗ್ಗದ ಗುಂಡಿ ಇರುತ್ತಿತ್ತು. ನೇಯುವವರು ಅದರೊಳಗೆ ಕಾಲು ಇಳಿಬಿಟ್ಟು ತುಳಿಹಲಗೆ ಒತ್ತುತ್ತಿದ್ದರು. ಮನೆಯ ನಡುವೆ ಇಂಥ ಹಳ್ಳ ಇಟ್ಟುಕೊಂಡು ಅಷ್ಟು ಕಾಲ ಹೇಗೆ ಬಾಳಿದರೋ! ಈಗ ಅದಕ್ಕೆ ಜಲ್ಲಿ ತುಂಬಿ, ಮೇಲೆ ಮುಖ ಕಾಣುವಂಥ ವಿಟ್ರಿಫೈಡ್ ಟೈಲ್ಸ್ ಹಾಸಿದ್ದಾಗಿದೆ. ಬಚ್ಚಲಿನಿಂದ ಒದ್ದೆಗಾಲಲ್ಲಿ ಬಂದ ಅಜ್ಜಿ ಜಾರಿ ಬಿದ್ದರೆ ಟೈಲ್ಸಿನ ತಪ್ಪೇನು? ಜಕಾರ್ಡ್ ಕೂರಲೆಂದು ಎತ್ತರಿಸಿದ್ದ ಸೂರಿನಡಿ ಪಿಒಪಿ ಸೀಲಿಂಗ್ ಬಂತು. ತೊಟ್ಟಿಗೆ ಸ್ಲ್ಯಾಬ್ ಬಿದ್ದದ್ದರಿಂದ ಹಗಲಲ್ಲೂ ದೀಪ ಉರಿಸುವ ಯೋಗ ಬಂತು. ನಾಡಹೆಂಚು ಇಳಿದು ಆರ್‌ಸಿಸಿ ಏರಿತು, ಸೆಕೆ ಬಂತು, ಅದರ ಹಿಂದೆಯೇ ಎಸಿ ಬಂತು. ಕಿತ್ತ ತೇಗದ ಕಂಬಗಳನ್ನು ರೆಸಾರ್ಟಿನವರು ಕೊಂಡೊಯ್ದರು. ಮೊಮ್ಮಗ ಈಗ ರಜೆಯಲ್ಲಿ ಅಲ್ಲಿಗೆ ಹೋಗಿ, ಒಂದು ರಾತ್ರಿಗಿಷ್ಟು ಎಂದು ತೆತ್ತು, ತಾತನ ಕಂಬಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಾನೆ.

ಮುಂದಾಲೋಚನೆ ಇಲ್ಲದವರ ಗತಿ ನೋಡಬೇಕಾದರೆ ಯಳಂದೂರಿಗೆ ಹೋಗಿ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ಬಂತು. ಅಷ್ಟು ನೆಲ ಕೈಗೆ ಬಂದರೂ 30–40ರ ಒಂದು ಬಡಾವಣೆಯನ್ನಾದರೂ ಬಿಟ್ಟರೇ? ಜಹಗೀರುದಾರರ ಬಂಗಲೆ ನಾಲ್ಕು ಬಾಡಿಗೆ ಪೋರ್ಷನ್ ಆಗುವ ಬದಲು ವಸ್ತುಸಂಗ್ರಹಾಲಯವಾಯಿತು. ಗೌರೀಶ್ವರ ದೇವಸ್ಥಾನದ ಬಳೆಮಂಟಪದ್ದು ಇನ್ನೂ ದೊಡ್ಡ ಅವಿವೇಕ. ಶಿಲ್ಪಿ ಕಲ್ಲಿನಲ್ಲೇ ಬಳೆ ಕಡೆದು ಮೂಲೆಗೆ ತೂಗುಬಿಟ್ಟ. ನೆತ್ತಿಯ ಮೇಲೆ ನಾಲ್ಕು ಕಂಬಿ ಬಿಡಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ಹನೂರು ತಾಲ್ಲೂಕಾದದ್ದೇ ತಡ, ರಾಗಿ ಹೊಲಗಳಿಗೂ ಜ್ಞಾನೋದಯವಾಯಿತು. ಮಾದಪ್ಪನ ಬೆಟ್ಟದ ದಾರಿ ಬೇರೆ. ಮಾದಪ್ಪನದೇ ಹೆಸರಿನ ಒಂದು ಕಮಾನು, ಸುಣ್ಣ ಬಳಿದ ಕಲ್ಲುಗಳು, ಎರಡು ತೆಂಗಿನ ಸಸಿ: ಬಡಾವಣೆ ಸಿದ್ಧ. ‘ರೋಡ್ ಟಚ್ ಬುದ್ಧಿ, ನಾಳೆ ಬಂದ್ರೆ ಈ ರೇಟಿಗೆ ಸಿಕ್ಕಲ್ಲ’ ಎಂದು ದಲ್ಲಾಳಿ ಅಕ್ಕರೆಯಿಂದ ಹೇಳುತ್ತಾನೆ. ಕನ್ವರ್ಷನ್ ಆಗಿದೆಯೇ ಎಂದರೆ ‘ಆಯ್ತಾ ಅದೆ’. ಇ-ಸ್ವತ್ತು ಕೇಳಿದರೆ ‘ಅದೂ ಆಯ್ತಾ ಅದೆ’. 500 ಚದರ ಮೀಟರ್ ಮೀರಿದ ಬಡಾವಣೆ ರೇರಾದಲ್ಲಿ ನೋಂದಣಿಯಾಗಬೇಕು ಎನ್ನುತ್ತದೆ ಕಾನೂನು. ಕಾನೂನು ಬೆಂಗಳೂರಿನಲ್ಲಿದೆ, ಹೊಲ ಇಲ್ಲಿದೆ.

ಕೊಂಡವರು ಭಾವಮೈದುನನಿಗೆ ಮಾರುತ್ತಾರೆ, ಅವನು ಮೇಷ್ಟರಿಗೆ, ಮೇಷ್ಟರು ದುಬೈಯಲ್ಲಿರುವ ಶಿಷ್ಯನಿಗೆ. ಪ್ರತಿ ಸಲವೂ ರೇಟು ಏರುತ್ತದೆ, ಒಂದು ಇಟ್ಟಿಗೆಯೂ ಏರುವುದಿಲ್ಲ. ಮೊದಲು ಮಾರಿದ ರೈತ ಆ ಕಲ್ಲುಗಳ ನಡುವೆಯೇ ವರ್ಷವರ್ಷವೂ ಹುರುಳಿ ಬಿತ್ತುತ್ತಾನೆ. ಸೈಟು ಕಾಯಲೆಂದು ದುಬೈಯಿಂದ ಅವನಿಗೆ ತಿಂಗಳು ತಿಂಗಳು ಸಂಬಳವೂ ಬರುತ್ತದೆ.