ಉಳಿತಾಯಕ್ಕೆ ತಗುಲಿದ ಖರ್ಚು

ಸಂಬಳ ಬಂದ ಮೆಸೇಜನ್ನು ಓದಿ ಮುಗಿಸುವಷ್ಟರಲ್ಲಿ ಅದು ಹೋದ ಮೆಸೇಜೂ ಬಂದು ಕೂತಿರುವ ಅನುಭವ ನಿಮಗೂ ಆಗಿರಬೇಕು. ಆಗಿಲ್ಲವೆಂದರೆ ನೀವು ಪುಣ್ಯವಂತರು, ಈ ಲೇಖನ ನಿಮಗಲ್ಲ. ಪುಟ ತಿರುಗಿಸಿ, ಜಾಹೀರಾತಿನಲ್ಲಿ ಒಳ್ಳೊಳ್ಳೆಯ ಫ್ಲ್ಯಾಟುಗಳಿರುತ್ತವೆ. ಉಳಿದವರು ಸ್ವಲ್ಪ ಹತ್ತಿರ ಬನ್ನಿ. ನನಗೆ ಮನೆಸಾಲವಿದೆ. ಆ ಮನೆಯ ಮುಂದೆ ನಿಲ್ಲಿಸಲೆಂದು ತಂದ ಕಾರಿನ ಸಾಲವಿದೆ. ಗೃಹಪ್ರವೇಶಕ್ಕೆ ಬಂದವರಿಗೆ ಹೋಳಿಗೆ ಊಟ ಹಾಕಿಸಲು ಉಜ್ಜಿದ ಕ್ರೆಡಿಟ್ ಕಾರ್ಡಿನ ಸಾಲವಿದೆ. ಹೋಳಿಗೆ ತಿಂದವರು ಅದನ್ನು ಎಂದೋ ಮರೆತಿದ್ದಾರೆ. ನಾನು ಮಾತ್ರ ಇನ್ನೂ ಅರಗಿಸಿಕೊಳ್ಳುತ್ತಿದ್ದೇನೆ.

ಕಾರ್ಡಿನ ಬಿಲ್ಲಿನಲ್ಲಿ ಎರಡು ಮೊತ್ತಗಳಿರುತ್ತವೆ, ನೋಡಿದ್ದೀರಲ್ಲ. ಒಂದು, ಎದೆ ಧಸಕ್ಕೆನ್ನಿಸುವಂಥದ್ದು. ಇನ್ನೊಂದು, ಅದರ ಪಕ್ಕದಲ್ಲೇ ವಿನಯದಿಂದ ನಿಂತ ‘ಮಿನಿಮಮ್ ಡ್ಯೂ’. ಎರಡನೆಯದು ಬ್ಯಾಂಕಿನವರು ನನ್ನ ಕಷ್ಟ ನೋಡಲಾರದೆ ತೋರಿಸಿದ ದಯೆ ಎಂದೇ ನಾನು ನಂಬಿದ್ದೆ. ಲಕ್ಷ ರೂಪಾಯಿ ಬಾಕಿಗೆ ಶೇ 5ರ ಲೆಕ್ಕದಲ್ಲಿ 5,000 ಕಟ್ಟಿ ಎದೆ ಸೆಟೆಸಿ ಓಡಾಡುತ್ತಿದ್ದೆ. ತಿಂಗಳಿಗೆ ಶೇ 3.5 ಬಡ್ಡಿ, ಅಂದರೆ 3,500. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 630. ನನ್ನ ಐದು ಸಾವಿರದಲ್ಲಿ ಅಸಲಿನ ಮೈಗೆ ತಾಗುತ್ತಿದ್ದುದು 870 ರೂಪಾಯಿ. ಬಾಕಿ ಕಟ್ಟಿದ ಖುಷಿಗೆ ಅದೇ ಸಂಜೆ ಹೆಂಡತಿ ಮಕ್ಕಳನ್ನು ಹೋಟೆಲಿಗೆ ಕರೆದೊಯ್ದು ಅದೇ ಕಾರ್ಡಿನಲ್ಲಿ ಕೊಡುತ್ತಿದ್ದ ಬಿಲ್ಲು ಅದಕ್ಕಿಂತ ಜಾಸ್ತಿ.

ಮನೆಸಾಲದ ಕಥೆ ಇನ್ನೂ ಸೊಗಸು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತು. ಆಫೀಸಿನಲ್ಲಿ ಎಲ್ಲರೂ ತಲೆಮೇಲೆ ಕೈಹೊತ್ತು ಕೂತಿದ್ದಾಗ ನಾನೊಬ್ಬನೇ ನಗುತ್ತಿದ್ದೆ, ಏಕೆಂದರೆ ನನ್ನ ಕಂತು ಒಂದು ಪೈಸೆಯೂ ಏರಿರಲಿಲ್ಲ. ಏರಿದ್ದು ಕಂತುಗಳ ಸಂಖ್ಯೆ ಎಂದು ಆಮೇಲೆ ತಿಳಿಯಿತು. ನಾನು ನಿವೃತ್ತನಾಗುವ ಹೊತ್ತಿಗೆ ತೀರಬೇಕಿದ್ದ ಸಾಲ, ನನ್ನನ್ನು ಹಾರ ಹಾಕಿ ಬೀಳ್ಕೊಟ್ಟು, ತಾನು ಮುಂದೆ ನಡೆಯುವ ಏರ್ಪಾಡು ಮಾಡಿಕೊಂಡಿತ್ತು.

“ರೀ, ಮೊದಲು ಆ ಕಾರ್ಡಿನ ಬಾಕಿ ಒಂದು ತೀರಿಸಿಬಿಡೋಣ,” ಅಂದಳು ಹೆಂಡತಿ. ಲಕ್ಷದ ಮಾತಿಗೆಲ್ಲ ಒಂದು ಗಾಂಭೀರ್ಯ ಬೇಕು, ಆತುರ ಸಲ್ಲದು ಎಂದು ತಿಳಿಹೇಳಿ, ನಾನು ಕಾಫಿಯಿಂದ ಶುರು ಮಾಡಿದೆ.

ಬೆಳಿಗ್ಗೆ ದರ್ಶಿನಿಯಲ್ಲಿ ನಿಂತು ಒಂದು ಕಾಫಿ ಕುಡಿಯದಿದ್ದರೆ ನನ್ನ ಕಣ್ಣು ತೆರೆಯುವುದಿಲ್ಲ. ಸರಿ, ಅರ್ಧ ತೆರೆದರೂ ಸಾಕು, ಬೈಟು ಕುಡಿಯೋಣ ಅಂತ ಹೊರಟೆ. ತೊಂದರೆ ಏನೆಂದರೆ ಬೈಟುವಿಗೆ ಇಬ್ಬರು ಬೇಕು. ಒಬ್ಬನೇ ಹೋಗಿ ಬೈಟು ಕೇಳಿದರೆ ಪೂರ್ತಿ ದುಡ್ಡು ಕೊಟ್ಟು ಎರಡೂ ಲೋಟ ನಾನೇ ಕುಡಿಯಬೇಕಾಗುತ್ತದೆ, ಲಾಭವೆಂದರೆ ತೊಳೆಯುವವರಿಗೆ ಒಂದು ಲೋಟ ಹೆಚ್ಚು. ಹಾಗಾಗಿ ಪಾಲುದಾರರನ್ನು ಹುಡುಕತೊಡಗಿದೆ. “ಸರ್, ಬೈಟು?” ಎಂದು ನಗುಮುಖದಿಂದ ಕೇಳಿದ್ದಕ್ಕೆ ಒಬ್ಬರು ಬ್ಯಾಗನ್ನು ಎದೆಗವಚಿಕೊಂಡರು. ಇನ್ನೊಬ್ಬರು, “ಪಾಲಿಸಿ ಆಗ್ಲೇ ಎರಡಿದೆ ಸಾರ್” ಎಂದು ಕೈಮುಗಿದರು. ಕೊನೆಗೆ ಬಿಳಿ ಪಂಚೆಯ ಹಿರಿಯರೊಬ್ಬರು ಸಂತೋಷದಿಂದ ಒಪ್ಪಿ, ಕುಡಿದು, ನಾನು ಅವರ ಪಾಲಿನ ಚಿಲ್ಲರೆಗಾಗಿ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ, “ಇವತ್ತು ನಿಮ್ಮದು, ನಾಳೆ ನನ್ನದು ಸ್ವಾಮಿ” ಎಂದು ಹೊರಟೇಬಿಟ್ಟರು. ಮಾತಿನ ಮನುಷ್ಯರು. ಮಾರನೆಯ ದಿನ ಕಾದು ನಿಂತಿದ್ದರು, ಎರಡು ಪೂರ್ತಿ ಕಾಫಿ, ಜೊತೆಗೆ ಒಂದೊಂದು ವಡೆಯೊಂದಿಗೆ. ಅದರ ಮರುದಿನ ನಾನು ಬರೀ ಕಾಫಿ ಕೊಡಿಸುವುದು ಹೇಗೆ? ಇಡ್ಲಿ-ವಡೆ ಹೇಳಿದೆ. ಅವರು ಮಸಾಲೆ ದೋಸೆಗೆ ಹೋದರು. ನಾನು ಚೌಚೌ ಭಾತಿಗೆ ಏರಿದೆ. ಅರ್ಧ ಕಾಫಿ ಉಳಿಸಲು ಹೋದವನು ದಿನ ಬಿಟ್ಟು ದಿನ ಇಬ್ಬರ ತಿಂಡಿಯ ಯಜಮಾನನಾದೆ.

ಈ ನಷ್ಟ ಸರಿದೂಗಿಸಲು, ಅವರು ಬರದ ಭಾನುವಾರದಂದು ಇಂದಿರಾ ಕ್ಯಾಂಟೀನಿಗೆ ಹೋದೆ. 2017ರಲ್ಲಿ ಶುರುವಾದಾಗಿನಿಂದ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಕೇಳಿ ಬಲ್ಲೆ. ಕಾರಿನಲ್ಲಿ ಹೋಗಿದ್ದು ಒಂದೇ ಸ್ವಲ್ಪ ಹೆಚ್ಚಾಯಿತು. ಸಾಲಿನಲ್ಲಿ ನಿಂತವರೆಲ್ಲ ಕಾರನ್ನೂ ನನ್ನನ್ನೂ ನೋಡಿ, ತಪಾಸಣೆಗೆ ಬಂದ ಅಧಿಕಾರಿ ಎಂದುಕೊಂಡು ಮುಂದೆ ಬಿಟ್ಟರು. ಬೇಡವೆಂದರೂ ಕೇಳಲಿಲ್ಲ. ಕಾರಿನ ಮೇಲಿರುವ ಸಾಲದ ಪತ್ರ ತೋರಿಸಿ ನಾನೂ ನಿಮ್ಮವನೇ ಎಂದು ಹೇಳುವ ಆಸೆಯಾಯಿತು, ಆದರೆ ಪತ್ರ ಬ್ಯಾಂಕಿನಲ್ಲಿತ್ತು. ರುಚಿಯೇನೋ ಚೆನ್ನಾಗಿತ್ತು. ತಿಂದು ಬಂದು ನೋಡಿದರೆ ಕಾರು ನಿಲ್ಲಿಸಿದ್ದು ನೋ ಪಾರ್ಕಿಂಗ್ ಬೋರ್ಡಿನ ಬುಡದಲ್ಲೇ. ಐದು ರೂಪಾಯಿ ಇಡ್ಲಿಗೆ ನಾನು ತೆತ್ತ ಬೆಲೆಯಲ್ಲಿ ಆ ಸಾಲಿನವರಿಗೆಲ್ಲ ತಿಂಡಿ ಕೊಡಿಸಬಹುದಿತ್ತು.

ಕಾರು ಬಿಟ್ಟೆ, ಬಸ್ಸು ಹಿಡಿದೆ. ನಮ್ಮ ಮನೆಯಲ್ಲಿ 2023ರ ಜೂನ್‌ನಿಂದ, ಅಂದರೆ ಶಕ್ತಿ ಯೋಜನೆ ಬಂದಾಗಿನಿಂದ, ಹೆಂಡತಿಗೆ ಬಸ್ಸು ಉಚಿತ. ಪಕ್ಕದಲ್ಲಿ ಕೂತ ನನಗೆ ಟಿಕೆಟ್ಟು. ಅದರಲ್ಲೂ ಒಂದು ಸ್ಟೇಜು ಉಳಿಸೋಣವೆಂದು ಮನೆಗಿಂತ ಮುಂಚೆಯೇ ಇಳಿದು ನಡೆದೆ. ಚಪ್ಪಲಿಯ ಉಂಗುಷ್ಟ ಕಿತ್ತುಬಂತು, ಮಳೆ ಬಂತು, ಆಟೋ ಬಂತು. “ಮಳೆ ಸಾರ್, ಒಂದೂವರೆ ಆಗುತ್ತೆ,” ಅಂದರು ಪಾಪ. ಮುಂದಿನದ್ದು ವಿವರಿಸಬೇಕೆ?

ಕರೆಂಟಿನ ವಿಷಯದಲ್ಲಿ ಮಾತ್ರ ನನ್ನ ಸಾಧನೆ ಬೀದಿಯಲ್ಲಿ ಇಂದಿಗೂ ಮನೆಮಾತು. ಗೃಹಜ್ಯೋತಿಯ ನಿಯಮ ನಿಮಗೆ ಗೊತ್ತೇ ಇದೆ: 2022-23ರ ಸರಾಸರಿ, ಅದರ ಮೇಲೆ ಶೇ 10, ಅಷ್ಟು ಪುಕ್ಕಟೆ. ಆದರೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು. ನಾವು ಪ್ರತಿ ತಿಂಗಳೂ ಆ ಗೆರೆಯನ್ನು ಮೂಗಿನಿಂದ ಮುಟ್ಟಿ ಬರುತ್ತಿದ್ದೆವು. ಒಂದು ತಿಂಗಳ ಕೊನೆಗೆ ಮೀಟರು ನೋಡಿದೆ. ಇನ್ನು ನಾಲ್ಕೇ ಯೂನಿಟ್, ರೀಡಿಂಗಿಗೆ ಬರುವವರು ಇನ್ನೂ ಬಂದಿಲ್ಲ. ತಡಮಾಡದೆ ಮೇನ್ ಸ್ವಿಚ್ ಇಳಿಸಿದೆ. ಮಕ್ಕಳಿಗೆ ದೀಪದ ಬೆಳಕಿನಲ್ಲಿ ಓದಿ ದೊಡ್ಡವರಾದವರ ಕಥೆ ಹೇಳಿದೆ. ಅವರು ಕಥೆ ಕೇಳುತ್ತ ನಿದ್ದೆ ಹೋದರು, ಓದಲಿಲ್ಲ. ಫ್ರಿಜ್ಜಿನಲ್ಲಿದ್ದ ದೋಸೆಹಿಟ್ಟು ತನಗೆ ಸಿಕ್ಕ ಸ್ವಾತಂತ್ರ್ಯವನ್ನು ಆಚರಿಸುತ್ತ ಬಾಗಿಲು ದೂಡಿಕೊಂಡು ಅಡುಗೆಮನೆಗೆ ನಡೆದುಬಂತು. ಇತ್ತ, ಎರಡು ದಿನದಿಂದ ನಮ್ಮನೆ ಕತ್ತಲಲ್ಲಿದೆ ಎಂದು ಮರುಗಿದ ಎದುರುಮನೆಯ ಆಂಟಿ 1912ಕ್ಕೆ ಫೋನ್ ಮಾಡಿ ದೂರು ಬರೆಸಿದ್ದರು. ಲೈನ್‌ಮನ್ ಬಂದು ಕಂಬ ಹತ್ತಿ ಇಳಿದು, ಬೀದಿಯವರೆಲ್ಲ ಟಾರ್ಚ್ ಹಿಡಿದು ನಿಂತಿರಲು, ನಮ್ಮ ಮೀಟರ್ ಬೋರ್ಡಿನ ಬಾಗಿಲು ತೆಗೆದು ಬಲು ಮೃದುವಾಗಿ ಹೇಳಿದರು: “ಸ್ವಿಚ್ ಹಾಕ್ಬೇಕು ಸಾರ್.” ಹಾಕಿದರು. ಜಗಮಗ ಬೆಳಗಿದ ಮನೆಯ ನಡುವೆ, ಮುಂಡಾಸಿನಂತೆ ಟವೆಲು ಸುತ್ತಿಕೊಂಡು, ಕೈಯಲ್ಲಿ ಮೇಣದ ಬತ್ತಿ ಹಿಡಿದು ನಾನು. ಬೀದಿಯವರು ಚಪ್ಪಾಳೆ ತಟ್ಟಿದರು. ಆ ಗಡಿಬಿಡಿಯಲ್ಲಿ ಸಂಪಿನ ಮೋಟರು ಹಾಕಿ ಮರೆತು, ರಾತ್ರಿಯಿಡೀ ಟ್ಯಾಂಕು ತುಂಬಿ ಹರಿದು, 200ರ ಗೆರೆ ನಮ್ಮ ಹಿಂದೆ ಎಲ್ಲೋ ದೂರ ಉಳಿಯಿತು.

ಇಷ್ಟಕ್ಕೇ ಸೋಲುವವನಲ್ಲ ನಾನು. ಮದುವೆ ಸೀಸನ್ನು ಬಂದಾಗ ಒಂದು ಲೆಕ್ಕ ಹೊಳೆಯಿತು. ಮುಯ್ಯಿ 501. ಉಣ್ಣುವವರು ನಾಲ್ವರು. ತಲೆಗೆ 125 ರೂಪಾಯಿಗೆ ಬಾಳೆಲೆ ಊಟ, ಕಾಯಿ ಹೋಳಿಗೆ, ಬರುವಾಗ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ. ಯಾವ ಹೋಟೆಲಿನಲ್ಲಿ ಸಿಗುತ್ತದೆ ಹೇಳಿ! ಮೂರು ತಲೆಮಾರಿನಾಚೆಯ ನಂಟಿನ ಕರೆಯೋಲೆಯನ್ನೂ ಹುಡುಕಿ ತೆಗೆದು, ಸಕುಟುಂಬ ಸಮೇತನಾಗಿ ಬನಶಂಕರಿಯ ಛತ್ರವೊಂದಕ್ಕೆ ಹೋದೆ. ವಧೂವರರ ಕೈಗೆ ಕವರಿತ್ತು, ಫೋಟೋಕ್ಕೆ ಹಲ್ಲು ಬಿಟ್ಟು, ಮೊದಲ ಪಂಕ್ತಿಯಲ್ಲೇ ಕೂತೆವು. ನನ್ನ ಶ್ರದ್ಧೆ ಕಂಡ ಯಜಮಾನರೊಬ್ಬರು, “ಹುಡುಗನ ಕಡೆಯವರಾ?” ಅಂದರು. ಹೌದೆಂದೆ. “ಒಳ್ಳೇದಾಯ್ತು, ಬಡಿಸೋರು ಕಮ್ಮಿ ಇದಾರೆ,” ಎಂದು ಊಟವಾದ ಮೇಲೆ ಸಾರಿನ ಬಕೆಟ್ಟು ಕೈಗಿಟ್ಟರು. ಮೂರನೆಯ ಪಂಕ್ತಿಗೆ ಸಾರು ಬಡಿಸುತ್ತಿರುವಾಗ ಹೆಂಡತಿ ಬಂದು ಕಿವಿಯಲ್ಲಿ ಉಸುರಿದಳು: “ರೀ, ನಮ್ಮ ಮದುವೆ ಮೇಲಿನ ಹಾಲ್‌ನಲ್ಲಂತೆ.”

ಬಕೆಟ್ಟು ಯಾರಿಗೋ ದಾಟಿಸಿ ಮಹಡಿ ಹತ್ತಿದೆವು. ಅಲ್ಲಿ ಇನ್ನೊಂದು 501. ಊಟಕ್ಕೆ ಹೊಟ್ಟೆಯಲ್ಲಿ ಜಾಗವಿಲ್ಲ, ಉಣಿಸದೆ ಬಿಡುವವರಲ್ಲ ಅವರು. ಮಾರನೆಯ ದಿನ ಅಜೀರ್ಣಕ್ಕೆ ಡಾಕ್ಟರು. ಅಲ್ಲಿಗಾದರೂ ಮುಗಿಯಿತೆ? ಕೆಳಗಿನ ಹಾಲಿನ ಮನೆಯವರು ಕವರಿನ ಮೇಲಿದ್ದ ನನ್ನ ಹೆಸರನ್ನು ಮುಯ್ಯಿ ಪುಸ್ತಕದಲ್ಲಿ ಬರೆದುಕೊಂಡು, ಮದುವೆಯಲ್ಲಿ ಅಷ್ಟು ದುಡಿದ ಈ ಮಹಾನುಭಾವ ಯಾರೆಂದು ವಿಚಾರಿಸಿ ನಂಬರು ಪತ್ತೆಹಚ್ಚಿದ್ದಾರೆ. ಈಗ ಅವರ ಮನೆಯ ಸೀಮಂತ, ನಾಮಕರಣ, ಎಲ್ಲಕ್ಕೂ ನಾವು ಮೊದಲ ಕರೆಯವರು. ಬಂಗಾರದಂಥ ಜನ. ಹೋಗದಿರಲು ಮನಸ್ಸು ಬರುವುದಿಲ್ಲ.

ಈ ನಡುವೆ ಕಾರ್ಡಿನವರ ಫೋನು ಬಂತು. ಉಸಿರು ಬಿಗಿಹಿಡಿದು ಎತ್ತಿದೆ. ಕಷ್ಟ ಹೇಳಿಕೊಳ್ಳಲು ಎರಡು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಆ ಕಡೆಯ ಹುಡುಗಿ ಅಭಿನಂದನೆ ಹೇಳಿದಳು. ತಪ್ಪದೆ ಮಿನಿಮಮ್ ಡ್ಯೂ ಕಟ್ಟುತ್ತ ಬಂದಿದ್ದಕ್ಕೆ ನನ್ನ ಲಿಮಿಟ್ಟು ಹೆಚ್ಚಾಗಿದೆಯಂತೆ! ಬದುಕಿನಲ್ಲಿ ಯಾರೂ ನನ್ನನ್ನು ಇಷ್ಟು ಮೆಚ್ಚಿಕೊಂಡಿರಲಿಲ್ಲ. “ಥ್ಯಾಂಕ್ಯೂ ಮೇಡಂ” ಅಂದೆ. ಹೆಂಡತಿ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಮಾರನೆಯ ವಾರ ಅವಳು ಬಡಾವಣೆಯ ಹೆಂಗಸರ ಜೊತೆ ಹಾಕುತ್ತಿದ್ದ ಚೀಟಿ ಎತ್ತಿದಳು. ಸಾಲದೆ ಬಂದದ್ದಕ್ಕೆ ಎರಡು ಬಳೆ ಬ್ಯಾಂಕಿನಲ್ಲಿಟ್ಟಳು. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 42, ಬಂಗಾರದ ಸಾಲದ್ದು ಅದರ ಕಾಲುಭಾಗಕ್ಕಿಂತ ಕಮ್ಮಿ. ಕಾರ್ಡಿನ ಬಾಕಿ ಒಂದೇ ಬೆಳಿಗ್ಗೆ ಚುಕ್ತಾ. ನಾನು ವೀರಾವೇಶದಿಂದ ಕತ್ತರಿ ತಂದು ಕಾರ್ಡನ್ನು ನಾಲ್ಕು ತುಂಡು ಮಾಡಿದೆ. ಅದು ಡೆಬಿಟ್ ಕಾರ್ಡಾಗಿತ್ತು. ಎರಡೂ ನೀಲಿ.

ಹೊಸದು ಬರುವವರೆಗೆ ನನ್ನ ಕೈಖರ್ಚೆಲ್ಲ ಅವಳ ಮುಖಾಂತರ. ಬೆಳಿಗ್ಗೆ ಕಾಫಿಗೆಂದು ಎಣಿಸಿ ಕೊಟ್ಟ ಚಿಲ್ಲರೆ ಜೇಬಿನಲ್ಲಿಟ್ಟುಕೊಂಡು, ಇವತ್ತು ನಿಜವಾಗಿಯೂ ಬೈಟು, ಅದಕ್ಕಿಂತ ಒಂದು ಹನಿ ಹೆಚ್ಚಿಲ್ಲ ಎಂದು ಶಪಥ ಮಾಡಿ ದರ್ಶಿನಿಗೆ ಹೋದೆ. ಪಂಚೆಯ ಹಿರಿಯರು ಆಗಲೇ ಬಂದಿದ್ದರು. ಕೈಯಲ್ಲಿ ಕಾಫಿ ಇರಲಿಲ್ಲ, ಮೂಲೆಗೆ ಅರಿಶಿನ ಹಚ್ಚಿದ ಕವರಿತ್ತು. “ಮೊಮ್ಮಗಳ ಮದುವೆ ಸ್ವಾಮಿ. ನೀವು ಪರಕೀಯರಲ್ಲ, ಮನೆಮಂದಿಯೆಲ್ಲ ಬರಬೇಕು. ಬನಶಂಕರಿಯ ಛತ್ರ, ನಿಮಗೆ ಗೊತ್ತಿರುತ್ತೆ.”

ಕವರನ್ನು ಕಣ್ಣಿಗೊತ್ತಿಕೊಂಡು ಕೇಳಿದೆ: “ಕೆಳಗಿನ ಹಾಲೋ, ಮೇಲಿನ ಹಾಲೋ?”